ಹೊಯಿಗೆ ಬಜಾರಿನ ಮೀನು ಸಂಶೋಧನಾ ಕೇಂದ್ರಕ್ಕೆ ಹೋಗುವವರಿಗೆ

ಮಂಗಳೂರಿನ ಹೊಯಿಗೆ ಬಜಾರಿನಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಅಲ್ಲಿ ಕಾರ್ಯಾಗಾರವೋ ವಿಚಾರ ಸಂಕಿರಣವೋ ನಡೆಯುತ್ತದೆಂದು ತಿಳಿದು ನೀವು ಹೊರಡುವವರಾದರೆ ನನ್ನದೊಂದು ಮಾತು: ಒಬ್ಬರೇ ಹೋಗಬೇಡಿ. ಕಡಲಿಗೆ ಇಳಿದು ಬಲೆ ಎಳೆದ ಒಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ನಾನು ಕುಂದಾಪುರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಟೀಚರ್. ಕಳೆದ ಸಪ್ಟೆಂಬರಿನಲ್ಲಿ ಒಂದು ದಿನದ ಕಾರ್ಯಾಗಾರಕ್ಕೆ ಹೋಗುವಾಗ ನನ್ನ ಸೋದರಮಾವನನ್ನು ಕರೆದುಕೊಂಡು ಹೋಗಿದ್ದೆ. ಮಾವ ಹುಡುಗನಾಗಿದ್ದಾಗಲೇ ರಂಪಣಿ, ಅಂದರೆ ಹತ್ತಾರು ಜನ ಸೇರಿ ದಡದಿಂದ ಎಳೆಯುವ ದೊಡ್ಡ ಬಲೆ, ಎಳೆದವರು, ಆಮೇಲೆ ಇಪ್ಪತ್ತು ವರ್ಷ ಬೋಟಿನಲ್ಲಿ ದುಡಿದವರು. ಅವರು ಇಲ್ಲದಿದ್ದರೆ ನಾನು ಒಂದು ಫೈಲು ತುಂಬ ಕಾಗದ ಹಿಡಿದು ವಾಪಸು ಬರುತ್ತಿದ್ದೆ, ಅಷ್ಟೆ.

ಮೊದಲು ದಾರಿಯ ವಿಷಯ. ಕುಂದಾಪುರದಿಂದ ಮಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹತ್ತಿರ ಹತ್ತಿರ ನೂರು ಕಿಲೋಮೀಟರ್, ಉಡುಪಿಯಿಂದ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಖಾಸಗಿ ಎಕ್ಸ್‌ಪ್ರೆಸ್ ಬಸ್ಸು ಹಿಡಿದರೆ ಕೊನೆಯ ನಿಲ್ದಾಣ ಸ್ಟೇಟ್‌ಬ್ಯಾಂಕ್, ಅಲ್ಲಿಂದ ಹೊಯಿಗೆ ಬಜಾರ್ ಹತ್ತಿರ. ಸರಕಾರಿ ಬಸ್ಸಾದರೆ ಬಿಜೈಯಲ್ಲಿ ಇಳಿಸುತ್ತದೆ, ಮತ್ತೊಂದು ಸಿಟಿ ಬಸ್ಸು ಹಿಡಿಯಬೇಕು. ರೈಲಿನಲ್ಲಿ ಬರುವವರು ಟಿಕೇಟು ತೆಗೆಯುವಾಗಲೇ ನೋಡಿಕೊಳ್ಳಿ: ಮಂಗಳೂರು ಸೆಂಟ್ರಲ್ ಬೇರೆ, ಮಂಗಳೂರು ಜಂಕ್ಷನ್ ಬೇರೆ. ಕೊಂಕಣ ರೈಲ್ವೆಯ ಹಲವು ದೂರದ ಗಾಡಿಗಳು ಜಂಕ್ಷನ್ನಿನಲ್ಲಷ್ಟೇ ನಿಲ್ಲುತ್ತವೆ, ಅದು ಪಡೀಲು ಕಡೆ, ಊರಿನ ಹೊರಗೆ. ಸೆಂಟ್ರಲ್ಲಿನಲ್ಲಿ ಇಳಿದವರಿಗೆ ಹೊಯಿಗೆ ಬಜಾರ್ ದೂರವೇ ಅಲ್ಲ. ನಮ್ಮ ಕುಂದಾಪುರದ ಸ್ಟೇಷನ್ ಇರುವುದೂ ಪೇಟೆಯಿಂದ ದೂರ, ಮೂಡ್ಲಕಟ್ಟೆಯಲ್ಲಿ. ಹಾಗಾಗಿ ನಾವು ಬಸ್ಸಿಗೇ ಹೋದೆವು.

ಹಿಂದಿನ ದಿನ ಸಂಜೆಯೇ ಹೋಗಿ ಹಂಪನಕಟ್ಟೆಯ ಆಸುಪಾಸಿನ ಲಾಡ್ಜಿನಲ್ಲಿ ಉಳಿಯಿರಿ. ಒಂದು ರಾತ್ರಿಯ ಬಾಡಿಗೆ ಯಾಕೆ ದಂಡ ಅಂತ ಅನ್ನಿಸಬಹುದು. ಆದರೆ ಕಾರ್ಯಾಗಾರ ಹತ್ತು ಗಂಟೆಗೆ ಶುರುವಾದರೂ ನಿಜವಾದ ಕಲಿಕೆ ಬೆಳಿಗ್ಗೆ ಐದೂವರೆಗೆ ಮೀನಿನ ಬೋಟು ಬಂದು ನಿಲ್ಲುವ ದಕ್ಕೆಯಲ್ಲಿ ಶುರುವಾಗುತ್ತದೆ. ಬಂದರಿನ ದಕ್ಕೆ, ಹೊಯಿಗೆ ಬಜಾರ್ ಎರಡೂ ಅಕ್ಕಪಕ್ಕ. ಎದುರಿಗೆ ಬೆಂಗ್ರೆಯ ಮರಳ ದಿಬ್ಬ, ನೇತ್ರಾವತಿ, ಗುರುಪುರ ಹೊಳೆಗಳು ಕೂಡಿ ಕಡಲು ಸೇರುವ ಅಳಿವೆ. ಹೊಯಿಗೆ ಅಂದರೇ ಮರಳು. ಆ ಮರಳಿನ ಮೇಲೆ ನಿಂತ ಕಚೇರಿ ಆ ನೀರಿನ ಲೆಕ್ಕ ಇಡುತ್ತದೆ ಎಂದು ಮಕ್ಕಳಿಗೆ ಹೇಳುವಾಗ ನನಗೆ ಖುಷಿಯಾಗುತ್ತದೆ.

ದಕ್ಕೆಗೆ ಹೋಗುವಾಗ ಒಳ್ಳೆಯ ಚಪ್ಪಲಿ, ಉದ್ದ ಸೀರೆ ಬೇಡ. ನೆಲದ ತುಂಬ ಐಸಿನ ನೀರು, ಮೀನಿನ ಹುರುಪೆ. ರಬ್ಬರ್ ಚಪ್ಪಲಿ ಹಾಕಿ, ಬದಲಿಸಲು ಒಂದು ಜೊತೆ ಬಟ್ಟೆ ಚೀಲದಲ್ಲಿರಲಿ. ಬರೆದುಕೊಳ್ಳಲು ಪೆನ್ಸಿಲ್ ಒಯ್ಯಿರಿ, ಒದ್ದೆ ಕಾಗದದ ಮೇಲೆ ಪೆನ್ನಿನ ಶಾಯಿ ಹರಡುತ್ತದೆ. ಏಲಂ ನಡೆಯುವಾಗ ಬಾಕ್ಸುಗಳ ನಡುವೆ ನಿಲ್ಲಬೇಡಿ, ಅಲ್ಲಿ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ಫೋಟೋ ತೆಗೆಯುವ ಮುಂಚೆ ಕೇಳಿ. ಮೀನು ಆರಿಸುತ್ತಿದ್ದ ಒಬ್ಬ ಹೆಂಗಸು ನನ್ನ ಕೈಯಲ್ಲಿದ್ದ ಸ್ಕೇಲು ನೋಡಿ, "ಎಂತ ಟೀಚರ್, ಅಳತೆ ಮಾಡುದಾ? ಸಣ್ಣದು ಆಚೆ ಉಂಟು ನೋಡಿ" ಎಂದು ಬದಿಯ ರಾಶಿ ತೋರಿಸಿದರು.

ಆ ರಾಶಿಯನ್ನು ನೀವೂ ನೋಡಲೇಬೇಕು. ಬೆರಳುದ್ದದ ಮದಿಮಾಳ್, ಪಾಂಬೋಲಿನ ಮರಿ, ಇನ್ನೂ ಹೆಸರು ಹಿಡಿಯಲಾಗದ ಎಷ್ಟೋ ಮರಿಗಳು ಒಟ್ಟಾಗಿ ಬಿದ್ದಿದ್ದವು. ಟ್ರಾಲ್ ಬಲೆಯಲ್ಲಿ ಬಂದ ಇಂಥ ಮೀನು ಊಟದ ತಟ್ಟೆಗೆ ಬರುವುದಿಲ್ಲ, ಮೀನನ್ನು ಒಣಗಿಸಿ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ನಾನು ಅಲ್ಲೇ ಇಪ್ಪತ್ತು ಬಂಗುಡೆಯನ್ನೂ ಅಳೆದೆ, ಮೂತಿಯ ತುದಿಯಿಂದ ಬಾಲದ ಕೊನೆಯವರೆಗೆ. ಹಿಡಿಯಬಹುದಾದ ಮೀನಿಗೆ ವಿಜ್ಞಾನಿಗಳು ಶಿಫಾರಸು ಮಾಡಿದ ಕನಿಷ್ಠ ಅಳತೆ ಬಂಗುಡೆಗೆ 14 ಸೆಂಟಿಮೀಟರ್, ಬೂತಾಯಿಗೆ 10. ಕೇರಳ ಇಂಥ ಮಿತಿಯನ್ನು 2015ರಲ್ಲೇ ಜಾರಿಗೆ ತಂದಿತ್ತು. ಪುಸ್ತಕದಲ್ಲಿ ಓದುವಾಗ 14 ಒಂದು ಸಂಖ್ಯೆ ಮಾತ್ರ. ಕೈಯಲ್ಲಿ 12 ಸೆಂಟಿಮೀಟರಿನ ಬಂಗುಡೆ ಹಿಡಿದು ನಿಂತಾಗ ಅದು ಒಮ್ಮೆಯೂ ಮೊಟ್ಟೆಯಿಡದೆ ಬಂದ ಜೀವ ಎಂದು ಗೊತ್ತಾಗುತ್ತದೆ.

ಏಳು ಗಂಟೆಗೆ ದಕ್ಕೆಯ ಬದಿಯ ಸಣ್ಣ ಹೋಟೆಲಿನಲ್ಲಿ ಬನ್ಸು, ಚಾ. ಆಮೇಲೆ ಲಾಡ್ಜಿಗೆ ಹೋಗಿ ಮಿಂದು ಒಂಬತ್ತೂವರೆಗೆ ಕೇಂದ್ರ ತಲುಪಿದೆವು. ಗೇಟಿನಲ್ಲಿ ಹೆಸರು ಬರೆಯಬೇಕು, ಆಧಾರ್ ಅಥವಾ ಯಾವುದಾದರೂ ಗುರುತಿನ ಚೀಟಿ ಇಟ್ಟುಕೊಳ್ಳಿ. ಶಾಲೆಯ ಪರವಾಗಿ ಹೋಗುವವರು ಮುಖ್ಯೋಪಾಧ್ಯಾಯರ ಪತ್ರ ಒಯ್ಯಿರಿ, ಪ್ರಮಾಣಪತ್ರಕ್ಕೆ ಹೆಸರು ಕೊಡುವಾಗ ಕಾಗುಣಿತ ಒಮ್ಮೆ ನೋಡಿ. ಎಲ್ಲಕ್ಕಿಂತ ಮುಖ್ಯವಾದದ್ದು, ಹೊರಡುವ ಹಿಂದಿನ ದಿನ ಫೋನು ಮಾಡಿ ಕಾರ್ಯಕ್ರಮ ಇದೆಯೋ ಇಲ್ಲವೋ ಖಚಿತ ಮಾಡಿಕೊಳ್ಳಿ. ಎರಡು ವರ್ಷದ ಹಿಂದೆ ಬೇರೊಂದು ಕಡೆಯ ಸಂಕಿರಣಕ್ಕೆ ನಾನು ನಾಲ್ಕು ಮಕ್ಕಳನ್ನು ಕರೆದುಕೊಂಡು ಮಳೆಯಲ್ಲಿ ಹೋಗಿದ್ದೆ. ದಿನ ಮುಂದೆ ಹೋಗಿತ್ತು, ಯಾರೂ ತಿಳಿಸಿರಲಿಲ್ಲ. ಮಕ್ಕಳು ಬೀಗ ಹಾಕಿದ ಸಭಾಂಗಣ ನೋಡಿ ಬಂದರು. ಆ ಬೇಸರ ನನಗೆ ಇನ್ನೂ ಹೋಗಿಲ್ಲ.

ಬೆಳಗಿನ ಉಪನ್ಯಾಸಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪರದೆಯ ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿತ್ತು, ವಿಜ್ಞಾನಿಗಳು ಬೇರೆ ಬೇರೆ ರಾಜ್ಯದವರು. ಆದರೆ ಕನ್ನಡದಲ್ಲಿ ಕೇಳಿದರೆ ಉತ್ತರ ಸಿಕ್ಕಿತು. ಅರ್ಥವಾಗದಿದ್ದಲ್ಲಿ ಅಲ್ಲಿನ ತಾಂತ್ರಿಕ ಸಿಬ್ಬಂದಿ ತುಳುವಿನಲ್ಲೋ ಕನ್ನಡದಲ್ಲೋ ಬಿಡಿಸಿ ಹೇಳುತ್ತಿದ್ದರು. ಸಂಕೋಚ ಬೇಡ. ನನ್ನ ಪಕ್ಕ ಕುಳಿತಿದ್ದ ಮಲ್ಪೆಯ ಇಬ್ಬರು ಹುಡುಗರು ಇಡೀ ಬೆಳಿಗ್ಗೆ ಬಾಯಿ ಬಿಡಲಿಲ್ಲ. ಊಟದ ಹೊತ್ತಿಗೆ ನೋಡಿದರೆ ಅವರ ಹತ್ತಿರ ಏಳೆಂಟು ಒಳ್ಳೆಯ ಪ್ರಶ್ನೆಗಳಿದ್ದವು. ಎಷ್ಟು ನಷ್ಟ!

ಪ್ರಯೋಗಾಲಯದ ಮೇಜಿನ ಹತ್ತಿರ ಮಾತ್ರ ಸಮಯ ಹೋದದ್ದೇ ತಿಳಿಯಲಿಲ್ಲ. ಒಬ್ಬರು ಕೊಡ್ಡಾಯಿ ಮೀನಿನ ತಲೆ ಸೀಳಿ ಒಳಗಿನಿಂದ ಎರಡು ಬಿಳಿ ಕಲ್ಲು ತೆಗೆದರು. ಕಿವಿಗಲ್ಲು, ಅವರ ಭಾಷೆಯಲ್ಲಿ ಓಟೋಲಿತ್. ಮೀನಿಗೆ ಕೇಳಲು, ನೀರಿನಲ್ಲಿ ಸಮತೋಲ ಕಾಯ್ದುಕೊಳ್ಳಲು ಬೇಕಾದ ಸುಣ್ಣದ ಹರಳು ಅದು. ಕೊಡ್ಡಾಯಿಯ ಜಾತಿಯಲ್ಲಿ ಇದು ವಿಶೇಷವಾಗಿ ದೊಡ್ಡದು, ಬರಿಗಣ್ಣಿಗೇ ಕಾಣುತ್ತದೆ. ಮೀನು ಬೆಳೆದಂತೆ ಈ ಕಲ್ಲಿನ ಮೇಲೆ ಪದರ ಪದರವಾಗಿ ಸುಣ್ಣ ಕೂರುತ್ತದೆ, ಮರದ ಉಂಗುರದ ಹಾಗೆ. ತಣ್ಣಗಿನ ದೇಶದ ಕಡಲಿನಲ್ಲಿ ವರ್ಷಕ್ಕೊಂದು ಉಂಗುರ ಚೆನ್ನಾಗಿ ಮೂಡುತ್ತದಂತೆ. ನಮ್ಮಲ್ಲಿ ಚಳಿ-ಬೇಸಗೆಯ ಅಂತರ ಕಡಿಮೆಯಾದ್ದರಿಂದ ಅದು ಮಸುಕು. ಆಗ ಕಲ್ಲನ್ನು ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕದಲ್ಲಿಟ್ಟು ದಿನಕ್ಕೊಂದರಂತೆ ಕೂತ ಗೆರೆಗಳನ್ನು ಎಣಿಸುತ್ತಾರೆ. ಮಾವ ಕಣ್ಣಿಟ್ಟು ನೋಡಿ, ನನ್ನ ಕಡೆ ತಿರುಗಿ, "ಹೆಣೇ, ಇಷ್ಟ್ ವರ್ಷ ಈ ಕಲ್ಲ್ ಅಗ್ದ್ ಉಗುಳಿದ್ದಲ್ದಾ ನಾವ್!" ಎಂದರು. ಸುತ್ತ ಇದ್ದವರೆಲ್ಲ ನಕ್ಕರು, ಆ ವಿಜ್ಞಾನಿ ಒಂದು ಜೋಡಿ ಕಲ್ಲನ್ನು ಹತ್ತಿಯಲ್ಲಿ ಸುತ್ತಿ ಮಾವನ ಕೈಗೇ ಕೊಟ್ಟರು.

ಮಧ್ಯಾಹ್ನ ಮೇಲೆ ಉಪಗ್ರಹದ ಮುನ್ಸೂಚನೆಯ ಮಾತು ಬಂತು. ಹೈದರಾಬಾದಿನಲ್ಲಿ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರವಿದೆ. ಅದು ಕಡಲ ಮೇಲ್ಮೈಯ ಬಿಸಿ ಮತ್ತು ನೀರಿನ ಬಣ್ಣವನ್ನು ಉಪಗ್ರಹದಿಂದ ಓದಿ, ಮೀನು ಸಿಗಬಹುದಾದ ಜಾಗವನ್ನು ಮೀನುಗಾರರಿಗೆ ತಿಳಿಸುತ್ತದೆ. ನೀರಿನ ಬಣ್ಣ ಎಂದದ್ದೇ ತಡ ಮಾವ ಎದ್ದು ನಿಂತರು. ರಂಪಣಿಯ ಕಾಲದಲ್ಲಿ ದಡದಿಂದ ನೀರಿನ ಬಣ್ಣ ನೋಡಿಯೇ ಬಂಗುಡೆಯ ಹಿಂಡು ಹೇಳುತ್ತಿದ್ದದ್ದು, ಆ ಕಣ್ಣಿದ್ದವರ ಮಾತಿಗೆ ನೂರು ಜನ ಹಗ್ಗ ಹಿಡಿಯುತ್ತಿದ್ದದ್ದು, ಎಲ್ಲ ಹೇಳಿದರು. ಆಮೇಲೆ ಕೇಳಿದರು: "ಮಳೆ ಕಳ್ದ್ ಮೇಲೆ ಒಂದೊಂದ್ ವರ್ಷ ನೀರ್ ಕೆಂಪ್ ಆತ್ತ್. ಆಗ ಬಂಗುಡೆ ದಡಕ್ಕೆ ಬಪ್ಪುದೇ ಇಲ್ಲ. ಅದ್ ಎಂತಕ್ಕೆ?"

ಇಡೀ ದಿನದಲ್ಲಿ ಅತ್ಯಂತ ಒಳ್ಳೆಯ ಅರ್ಧ ಗಂಟೆ ಆ ಪ್ರಶ್ನೆಯಿಂದ ಹುಟ್ಟಿತು. ಕೆಂಪು ನೀರಿಗೆ ಕಾರಣ ಬಹಳ ಸಲ ನಾಕ್ಟಿಲೂಕ ಎಂಬ ಒಂದೇ ಕೋಶದ ಜೀವಿ. ರಾತ್ರಿ ತೆರೆ ಒಡೆದಾಗ ನೀಲಿಯಾಗಿ ಹೊಳೆಯುವುದೂ ಅದೇ. 2020ರ ನವೆಂಬರಿನಲ್ಲಿ ಮಂಗಳೂರು, ಮಲ್ಪೆ ಕಡೆಯ ಜನ ಗುಂಪು ಗುಂಪಾಗಿ ಕಡಲತೀರಕ್ಕೆ ನೋಡಲು ಹೋದದ್ದು ಇದನ್ನೇ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಆಳದ ತಣ್ಣನೆಯ ನೀರು ಮೇಲೆ ಬರುತ್ತದೆ, ಅದರ ಜೊತೆ ಪೋಷಕಾಂಶವೂ ಬರುತ್ತದೆ. ಅದನ್ನು ತಿಂದು ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ, ಬೂತಾಯಿ, ಬಂಗುಡೆ ಅವುಗಳ ಬೆನ್ನಿಗೆ ಬರುತ್ತವೆ, ನಾಕ್ಟಿಲೂಕವೂ ಅದೇ ಊಟಕ್ಕೆ ಬರುತ್ತದೆ. ಅದು ಮಿತಿಮೀರಿ ಹೆಚ್ಚಿದಾಗ ಮೀನು ದೂರ ಸರಿಯುತ್ತದೆ. ಮಲಬಾರ್, ಕೆನರಾ ಕರಾವಳಿಯಲ್ಲಿ ಮೀನು ಹಠಾತ್ತನೆ ಕಡಿಮೆಯಾಗುವುದಕ್ಕೂ ಕೆಂಪು ನೀರಿಗೂ ಸಂಬಂಧವಿರಬಹುದೆಂದು ಭೀಮಾಚಾರ್ ಮತ್ತು ಜಾರ್ಜ್ ಎಂಬ ವಿಜ್ಞಾನಿಗಳು 1950ರಲ್ಲೇ ಬರೆದಿದ್ದರು. ನಮ್ಮ ಊರಿನ ಕೆಂಪು ನೀರಿನ ಬಗ್ಗೆ ಎಪ್ಪತ್ತು ವರ್ಷದ ಹಿಂದೆಯೇ ಬರಹ ಇದೆ. ನಮ್ಮ ಮಕ್ಕಳ ಪಾಠದಲ್ಲಿ ಮಾತ್ರ ಅದು ಬಂದಿಲ್ಲ. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಇನ್ನು ಯಾವಾಗ ಹೋಗಬೇಕು ಎಂಬುದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಕ್ಕೆಯಲ್ಲಿ, ಕಡಲಿಗೆ ಹೋಗುವವರು ಮನೆಯಲ್ಲಿ. ಮೀನುಗಾರರನ್ನು ಕೂರಿಸಿ ಮಾತಾಡುವ ಕಾರ್ಯಕ್ರಮಕ್ಕೆ ಅದು ಒಳ್ಳೆಯ ಕಾಲ, ಹಸಿ ಮೀನಿನ ಪಾಠಕ್ಕೆ ಅಲ್ಲ. ಮೀನು ಗುರುತಿಸುವುದು, ಅಳೆಯುವುದು ಕಲಿಯಬೇಕಾದರೆ ಸಪ್ಟೆಂಬರಿನಿಂದ ಡಿಸೆಂಬರಿನ ನಡುವೆ ಬರುವಂಥದ್ದಕ್ಕೆ ಹೆಸರು ಕೊಡಿ. ಮುಂದಿನ ಕಾರ್ಯಕ್ರಮಗಳಿಗೆ ಕಣ್ಣಿಡುವವರು ಕ್ಯಾಲೆಂಡರಿನಲ್ಲಿ ಕೆಲವು ದಿನ ಗುರುತು ಮಾಡಿಕೊಳ್ಳಿ. ಸಂಸ್ಥೆ ಹುಟ್ಟಿದ್ದು 1947ರ ಫೆಬ್ರವರಿ 3ರಂದು, ಆ ದಿನದ ಆಸುಪಾಸು ವಿಚಾರಿಸಿ. ಫೆಬ್ರವರಿ 28 ವಿಜ್ಞಾನ ದಿನ, ಜುಲೈ 10 ಮೀನು ಕೃಷಿಕರ ದಿನ, ನವೆಂಬರ್ 21 ವಿಶ್ವ ಮೀನುಗಾರಿಕಾ ದಿನ. ಸಂಸ್ಥೆಯ ಜಾಲತಾಣ ನೋಡುತ್ತಿರಿ, ಹತ್ತಿರದ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲೂ ಕೇಳುತ್ತಿರಿ. ಬೈಂದೂರು ಕಡೆಯ ಅಳಿವೆಗಳಲ್ಲಿ ಪಂಜರದಲ್ಲಿ ಸೀಬಾಸ್ ಮೀನು ಸಾಕುವವರು, ನೀಲಿಕಲ್ಲು ಎಂಬ ತಿನ್ನುವ ಚಿಪ್ಪುಜೀವಿಯ ಕೃಷಿ ಮಾಡಬೇಕೆಂಬ ಹೆಂಗಸರ ಸಂಘದವರು ನೀವಾಗಿಯೇ ಒಂದು ಅರ್ಜಿ ಬರೆದು ಇಂಥದ್ದರ ತರಬೇತಿ ಬೇಕು ಎಂದು ಕೇಳಿ. ಇದು ಸರಕಾರದ ಪ್ರಯೋಗಾಲಯ, ಕೇಳುವ ಹಕ್ಕು ನಮಗಿದೆ.

ಎರಡು ದಿನ ಬಿಡುವಿದ್ದರೆ ಮರುದಿನ ಪಿಲಿಕುಳದ ವಿಜ್ಞಾನ ಕೇಂದ್ರಕ್ಕೂ ತಾರಾಲಯಕ್ಕೂ ಹೋಗಬಹುದು, ಮಕ್ಕಳಿದ್ದರೆ ಬಿಡಬೇಡಿ. ತೋಟದವರಿಗೆ ಕಾಸರಗೋಡಿನ ತೆಂಗು-ಅಡಿಕೆಯ ಸಂಶೋಧನಾ ಸಂಸ್ಥೆ ಇದೆ, ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಗೇರು ಸಂಶೋಧನೆಯದ್ದಿದೆ. ಎರಡೂ ಮಂಗಳೂರಿನಿಂದ ಬೆಳಿಗ್ಗೆ ಹೋಗಿ ಸಂಜೆ ಬರುವ ದೂರ.

ನಾವು ಅದೇ ದಿನ ಸಂಜೆ ಸ್ಟೇಟ್‌ಬ್ಯಾಂಕಿನಿಂದ ಬಸ್ಸು ಹತ್ತಿದೆವು. ಸಂಜೆ ಐದರ ಮೇಲೆ ಹೊರಟರೆ ಸುರತ್ಕಲ್ ದಾಟುವವರೆಗೆ ನಿಂತೇ ಹೋಗಬೇಕಾದೀತು, ವಯಸ್ಸಾದವರಿದ್ದರೆ ಸ್ವಲ್ಪ ಮುಂಚೆ ಹೊರಡಿ. ಮಾವ ಪಡುಬಿದ್ರೆ ಬರುವವರೆಗೂ ಹತ್ತಿಯ ಪೊಟ್ಟಣ ಬಿಚ್ಚಿ ಬಿಚ್ಚಿ ಕಲ್ಲು ನೋಡುತ್ತಿದ್ದರು. ಈಗ ನಮ್ಮ ಶಾಲೆಯ ಮಕ್ಕಳು ಶನಿವಾರ ಗಂಗೊಳ್ಳಿಯ ದಕ್ಕೆಯಲ್ಲಿ ಸ್ಕೇಲು ಹಿಡಿದು ಬಂಗುಡೆ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ, ಜೊತೆಗೆ ಮಾವ ಹೋಗುತ್ತಾರೆ. ಬಲೆಯ ಕಣ್ಣಿನ ಅಳತೆಯ ಬಗ್ಗೆ ಮುಂದೊಂದು ಕಾರ್ಯಾಗಾರ ಆಗಬಹುದೆಂದು ಅಲ್ಲಿ ಯಾರೋ ಹೇಳಿದ್ದರು. ಅದಕ್ಕೆಂದು ಮಾವ ಅಟ್ಟದಿಂದ ಹಳೆಯ ರಂಪಣಿ ಬಲೆಯ ಒಂದು ತುಂಡು ಇಳಿಸಿ, ಬಿಸಿಲಿಗೆ ಹಾಕಿ, ಚೀಲದಲ್ಲಿ ಮಡಚಿಟ್ಟಿದ್ದಾರೆ. "ದಿನ ಗೊತ್ತಾಯ್ತಾ?" ಎಂದು ವಾರಕ್ಕೊಮ್ಮೆ ಕೇಳುತ್ತಾರೆ.