ಉಬ್ಬು ಅಕ್ಷರದ ನುಣುಪು ಎಲ್ಲಿಂದ ಬರುತ್ತದೆ

ಚಿನ್ನದಂಗಡಿಯ ಫಲಕ, ಜಾತ್ರೆಯ ಸ್ವಾಗತ ಕಮಾನು, ಮದುವೆ ಆಮಂತ್ರಣದ ಮುಖಪುಟ. ವಿನ್ಯಾಸದ ಈ ಕೆಲಸಗಳಲ್ಲಿ ಉಬ್ಬಿದ ಅಕ್ಷರ ಬೇಡವೆನ್ನುವ ಗಿರಾಕಿ ಅಪರೂಪ. ‘ಅಕ್ಷರ ಎದ್ದು ಬರಬೇಕು’ ಎಂಬುದು ಅವರ ಒಂದೇ ಬೇಡಿಕೆ. ನಮ್ಮಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವವರು ಕೂಡಲೇ ಫೋಟೋಶಾಪ್‌ನ ಲೇಯರ್ ಸ್ಟೈಲ್ ತೆರೆದು, ಅಂಚನ್ನು ಇಳಿಜಾರಾಗಿಸಿ ಉಬ್ಬು ತೋರಿಸುವ ಬೆವೆಲ್ ಆಯ್ಕೆಗೆ ಗುರುತು ಹಾಕುತ್ತಾರೆ. ಅಕ್ಷರ ಉಬ್ಬುವುದೇನೋ ಹೌದು. ಆದರೆ ಅಂಚಿನಲ್ಲಿ ಗೀರು, ಇಳಿಜಾರಿನಲ್ಲಿ ಪಟ್ಟೆ, ತಿರುವುಗಳಲ್ಲಿ ಸುಕ್ಕು ಕಾಣಿಸಿಕೊಳ್ಳುತ್ತವೆ. ಅವನ್ನು ಮರೆಸಲು ಸಾಫ್ಟನ್ ಎಂಬ ಸ್ಲೈಡರನ್ನು ಕೊನೆಯವರೆಗೆ ಎಳೆಯುತ್ತಾರೆ. ಅಷ್ಟಕ್ಕೆ ಅಕ್ಷರ ಮಂಕಾಗುತ್ತದೆ, ನುಣುಪಾಗುವುದಿಲ್ಲ.

ಇದಕ್ಕೆ ಕಾರಣ ತಿಳಿಯಬೇಕಾದರೆ ಬೆವೆಲ್ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಬೇಕು. ತಂತ್ರಾಂಶ ಮೊದಲು ಅಕ್ಷರದ ಆಕಾರದಿಂದ ಒಂದು ಎತ್ತರದ ನಕ್ಷೆಯನ್ನು ಸಿದ್ಧಪಡಿಸಿಕೊಳ್ಳುತ್ತದೆ. ಅದು ಕಪ್ಪು ಬಿಳುಪಿನ ಚಿತ್ರ. ಕಪ್ಪಿದ್ದಲ್ಲಿ ತಗ್ಗು, ಬಿಳಿ ಇದ್ದಲ್ಲಿ ಎತ್ತರ. ಆಮೇಲೆ ಪ್ರತಿಯೊಂದು ಪಿಕ್ಸೆಲ್‌ನಲ್ಲಿಯೂ ಆ ಎತ್ತರ ಯಾವ ದಿಕ್ಕಿಗೆ ಎಷ್ಟು ವಾಲಿದೆ ಎಂದು ಲೆಕ್ಕ ಹಾಕಿ, ಬೆಳಕಿನ ಕಡೆಗೆ ವಾಲಿದ್ದನ್ನು ಬೆಳಗಿಸುತ್ತದೆ, ಆಚೆ ವಾಲಿದ್ದನ್ನು ಕತ್ತಲಾಗಿಸುತ್ತದೆ. ಸಪಾಟಾದ ಮೇಲ್ಮೈಯನ್ನು ಬೆಳಕಿನ ಲೆಕ್ಕದಿಂದಲೇ ಏರಿಳಿತವಿರುವಂತೆ ತೋರಿಸುವ ಈ ಬಂಪ್ ಮ್ಯಾಪಿಂಗ್ ವಿಧಾನವನ್ನು ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಜೇಮ್ಸ್ ಬ್ಲಿನ್ 1978ರಲ್ಲಿ ಪ್ರಕಟಿಸಿದರು. ಫೋಟೋಶಾಪ್‌ನ ಐದನೆಯ ಆವೃತ್ತಿ 1998ರಲ್ಲಿ ಲೇಯರ್ ಎಫೆಕ್ಟ್‌ಗಳನ್ನು ತರುವವರೆಗೆ ವಿನ್ಯಾಸಕಾರರು ಈ ನಕ್ಷೆಯನ್ನು ಸಾಮಾನ್ಯವಾಗಿ ಚಾನೆಲ್‌ಗಳಲ್ಲಿ (ಚಿತ್ರದೊಳಗಿನ ಕಪ್ಪು ಬಿಳುಪಿನ ಪದರಗಳಲ್ಲಿ) ಕೈಯಾರೆ ಮಾಡಿಕೊಳ್ಳುತ್ತಿದ್ದರು. ಈಗ ಅದು ಪರದೆಯ ಹಿಂದೆ ತಾನಾಗಿಯೇ ನಡೆದುಹೋಗುತ್ತದೆ. ಹಾಗಾಗಿಯೇ ಅದರ ಕಡೆ ಯಾರ ಗಮನವೂ ಹೋಗುವುದಿಲ್ಲ. ಸಾಫ್ಟನ್ ಮೃದುಗೊಳಿಸುವುದು ಬೆಳಕು ನೆರಳು ಬಿದ್ದಾದ ಮೇಲಿನ ಚಿತ್ರವನ್ನು ಮಾತ್ರ. ಒರಟುತನವಿರುವುದು ನಕ್ಷೆಯಲ್ಲಾದರೆ ಮೇಲೆ ತೀಡಿ ಪ್ರಯೋಜನವಿಲ್ಲ.

ನಕ್ಷೆಯನ್ನು ಮಾಡುವ ಮುಖ್ಯ ದಾರಿಗಳು ಎರಡು. ಒಂದು, ಆಕಾರವನ್ನು ಬ್ಲರ್ ಮಾಡುವುದು, ಅಂದರೆ ಮಸುಕಾಗಿಸುವುದು. ಫೋಟೋಶಾಪ್‌ನ ಸ್ಮೂತ್ ತಂತ್ರ ಈ ಬಗೆಯದು. ಮೈ ಮೃದುವಾಗಿ ಬರುತ್ತದೆ, ಆದರೆ ಬೆವೆಲ್‌ನ ಅಳತೆ ಹೆಚ್ಚಿಸಿದಂತೆ ಸೂಕ್ಷ್ಮ ಭಾಗಗಳು ಕರಗಿಹೋಗುತ್ತವೆ. ಇನ್ನೊಂದು, ಪ್ರತಿ ಪಿಕ್ಸೆಲ್ ಅಂಚಿನಿಂದ ಎಷ್ಟು ದೂರದಲ್ಲಿದೆ ಎಂದು ಅಳೆಯುವುದು. ಚಿಸೆಲ್ ಹಾರ್ಡ್ ಅಳೆಯುವುದು ಹೀಗೆ. ಇದರಲ್ಲಿ ಪ್ರತಿ ಗೆರೆಯ ನಡುವೆ ಉಳಿಯಿಂದ ಕೆತ್ತಿದಂಥ ಚೂಪಾದ ಏಣು ಏಳುತ್ತದೆ, ವಿವರ ಉಳಿಯುತ್ತದೆ. ನಾನು ಮುಖ್ಯ ಕೆಲಸಗಳಿಗೆ ಎರಡನೆಯದನ್ನೇ ಆರಿಸಿಕೊಳ್ಳುತ್ತೇನೆ. ದುಂಡುತನವನ್ನು ಆಮೇಲೆ ತುಂಬಬಹುದು. ಬ್ಲರ್ ನುಂಗಿದ ವಿವರವನ್ನು ಮರಳಿ ತರಲಾಗದು.

ಈ ನಕ್ಷೆಯನ್ನು ಕಣ್ಣೆದುರೇ ಇಟ್ಟುಕೊಂಡು ತಿದ್ದಲು ನನಗೆ ಗಿಂಪ್ ಎಂಬ ಚಿತ್ರ ತಿದ್ದುವ ಉಚಿತ ತಂತ್ರಾಂಶ ಹೆಚ್ಚು ಒಗ್ಗಿದೆ. ಅದರಲ್ಲಿ ಡಿಸ್ಟೆನ್ಸ್ ಮ್ಯಾಪ್ ಎಂಬ ಫಿಲ್ಟರ್ ಇದೆ. ಅಳತೆಯ ಬಗೆಯನ್ನು ಯೂಕ್ಲಿಡಿಯನ್‌ಗೆ, ಅಂದರೆ ನೇರ ದೂರಕ್ಕೆ, ಇಡಬೇಕು. ಮ್ಯಾನ್‌ಹ್ಯಾಟನ್ ಅಥವಾ ಚೆಬಿಷೆವ್ ಇಟ್ಟರೆ ಕನ್ನಡದ ದುಂಡು ಗೆರೆಗಳು ಪಟ್ಟಿ ಪಟ್ಟಿಯಾಗಿ ಮುರಿಯುತ್ತವೆ. ಎಲ್ಲಕ್ಕಿಂತ ಮೊದಲು, ಖಾಲಿ ಕಡತ ತೆರೆದ ಕ್ಷಣದಲ್ಲಿಯೇ, ಪ್ರಿಸಿಷನ್ ಎಂಬಲ್ಲಿ 32 ಬಿಟ್ ಫ್ಲೋಟಿಂಗ್ ಪಾಯಿಂಟ್ (ಮಟ್ಟಗಳನ್ನು ದಶಾಂಶಗಳಲ್ಲಿಯೂ ದಾಖಲಿಸುವ ಬಗೆ) ಆರಿಸಿಕೊಳ್ಳಬೇಕು.

ಈ ಬಿಟ್‌ಗಳ ವಿಷಯವನ್ನು ಹೊಸಬರಿಗೆ ಕಾಗದದ ಮೇಲೆ ಲೆಕ್ಕ ಬರೆದೇ ತೋರಿಸುತ್ತೇನೆ. 8 ಬಿಟ್ ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಇರುವುದು 256 ಮಟ್ಟಗಳು. 60 ಪಿಕ್ಸೆಲ್ ಅಗಲದ ಇಳಿಜಾರು ಬೇಕೆಂದರೆ ಪ್ರತಿ ಪಿಕ್ಸೆಲ್‌ಗೆ 4.25 ಮಟ್ಟ ಏರಬೇಕು. ಆದರೆ ಕಾಲು ಮಟ್ಟ ಎಂಬುದು 8 ಬಿಟ್‌ನಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಮೂರು ಬಾರಿ 4 ಏರಿ, ನಾಲ್ಕನೆಯ ಬಾರಿ 5 ಏರುತ್ತದೆ. ಎತ್ತರದ ನಕ್ಷೆಯನ್ನು ಸುಮ್ಮನೆ ನೋಡಿದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಬೆಳಕಿನ ಲೆಕ್ಕ ಮಾತ್ರ ಎತ್ತರವನ್ನು ನೋಡುವುದಿಲ್ಲ, ಏರಿಕೆಯನ್ನು ನೋಡುತ್ತದೆ. 4ರಿಂದ 5ಕ್ಕೆ ಹೋದರೆ ಏರಿಕೆ ಕಾಲು ಭಾಗದಷ್ಟು ಹೆಚ್ಚಾದಂತಾಯಿತು. ಹೀಗಾಗಿ ಪ್ರತಿ ನಾಲ್ಕನೆಯ ಪಿಕ್ಸೆಲ್‌ಗೆ ಒಂದು ಗೀರು ಏಳುತ್ತದೆ. ಇಳಿಜಾರನ್ನು 600 ಪಿಕ್ಸೆಲ್‌ಗೆ ಹಿಗ್ಗಿಸಿದರೆ ಒಂದೊಂದು ಮಟ್ಟವೂ ಎರಡು ಮೂರು ಪಿಕ್ಸೆಲ್ ಸಪಾಟಾಗಿ ನಿಂತು, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಅಕ್ಷರದ ಮೈ ಮಲೆನಾಡಿನ ಮೆಟ್ಟಿಲುಗದ್ದೆಯಂತೆ ಕಾಣುತ್ತದೆ. 16 ಬಿಟ್‌ನಲ್ಲಿ ಮಟ್ಟಗಳು 65,536. ಅಲ್ಲಿ ಈ ಗೀರು ಕಣ್ಣಿಗೆ ನಿಲುಕದಷ್ಟು ಸಣ್ಣದಾಗುತ್ತದೆ. 8 ಬಿಟ್‌ನಲ್ಲಿ ನಕ್ಷೆ ಮಾಡಿ ನಂತರ 16ಕ್ಕೆ ಬದಲಿಸಿದರೆ ಆಯಿತಲ್ಲ ಎಂದು ಹಲವರು ಕೇಳುತ್ತಾರೆ. ಆಗುವುದಿಲ್ಲ, ಹಳೆಯ ಮೆಟ್ಟಿಲುಗಳೇ ಹೊಸ ಕಡತಕ್ಕೂ ಬರುತ್ತವೆ. ಬದಲಿಸಿದ ಮೇಲೆ ನಕ್ಷೆಯನ್ನು ಸ್ವಲ್ಪ ಬ್ಲರ್ ಮಾಡಿದರೆ ಒಂದಿಷ್ಟು ಸುಧಾರಿಸಬಹುದು, ಅಷ್ಟೇ.

ದೂರದ ಅಳತೆ ಅಂಚನ್ನೇ ನಂಬಿರುವುದರಿಂದ ಅಂಚಿನಲ್ಲಿ ಪಿಕ್ಸೆಲ್‌ಗಳಿಂದಾದ ಹಲ್ಲುಗಳು ಒಳಗಿನವರೆಗೂ ಸುಕ್ಕಾಗಿ ಹರಡುತ್ತವೆ. ಆದ್ದರಿಂದ ಬೇಕಾದದ್ದಕ್ಕಿಂತ ಎರಡು ಪಟ್ಟು ದೊಡ್ಡದಾಗಿ ಕೆಲಸ ಮಾಡಿ, ಕೊನೆಯಲ್ಲಿ ಕುಗ್ಗಿಸುವುದು ನನ್ನ ಪದ್ಧತಿ. ನಕ್ಷೆ ಸಿದ್ಧವಾದ ಮೇಲೆ, ಮಟ್ಟಗಳನ್ನು ಒಂದು ಗೆರೆಯನ್ನು ಬಾಗಿಸಿ ಬದಲಿಸುವ ಕರ್ವ್ಸ್ ತೆರೆಯುತ್ತೇನೆ. ನೇರ ಗೆರೆ ಹಾಗೆಯೇ ಇದ್ದರೆ ಉಳಿ ಕೆತ್ತನೆ. ಅದನ್ನು ಕಾಲು ವೃತ್ತದಂತೆ ಮೇಲಕ್ಕೆ ಬಾಗಿಸಿದರೆ ಅಚ್ಚಿನಲ್ಲಿ ಎರಕ ಹೊಯ್ದಂತೆ ದುಂಡಾದ ಮೈ. ಕಾಲು ವೃತ್ತ ಶುರುವಿನಲ್ಲಿ ಕಡಿದಾಗಿ ಏರುವುದರಿಂದ ಅಂಚಿನ ಬಳಿ ಒರಟು ಉಳಿಯುತ್ತದೆ. ಅಲ್ಲಿ ಬಾಗನ್ನು ತುಸು ತಗ್ಗಿಸಬೇಕು. ಈ ಒಂದು ಬಾಗಿಗೆ ನಾನು ಕೊಡುವಷ್ಟು ಸಮಯವನ್ನು ಬಣ್ಣಕ್ಕೂ ಕೊಡುವುದಿಲ್ಲ. ಫೋಟೋಶಾಪ್‌ನಲ್ಲಿ ಬೆವೆಲ್ ಕೆಳಗೇ ಇರುವ ಕಾಂಟೂರ್ ಈ ಕೆಲಸಕ್ಕೆಂದೇ ಇದೆ, ಆದರೂ ಅದನ್ನು ತೆರೆದು ನೋಡುವವರು ಕಡಿಮೆ.

ಕನ್ನಡ ಅಕ್ಷರಗಳು ಇಂಗ್ಲಿಷ್ ಪಾಠಗಳಲ್ಲಿ ಸಿಗದ ಎಚ್ಚರವನ್ನು ಕೇಳುತ್ತವೆ. ‘ಲಕ್ಷ್ಮಿ’ ಎಂದು ಬರೆದು ನೋಡಿ. ದೊಡ್ಡ ‘ಲ’ದ ಪಕ್ಕದಲ್ಲಿ ‘ಕಿ’, ಅದಕ್ಕೆ ಎರಡು ಒತ್ತಕ್ಷರಗಳು. ಮುಖ್ಯ ಗೆರೆಗೆ ಹೊಂದುವ ಅಳತೆ ಕೊಟ್ಟರೆ ಸಣಕಲು ಗೆರೆಯ ಒತ್ತಕ್ಷರ ಪೂರ್ತಿ ಏಣೇ ಆಗಿಬಿಡುತ್ತದೆ. ಇಳಿಜಾರು ಗೆರೆಯ ದಪ್ಪದ ಅರ್ಧಕ್ಕಿಂತ ಹೆಚ್ಚು ಅಗಲವಾಗಲು ಜಾಗವೇ ಇಲ್ಲವಲ್ಲ. ಒತ್ತಕ್ಷರ ಮುಖ್ಯ ಅಕ್ಷರಕ್ಕೆ ತಾಗದಿದ್ದರೆ ಅದನ್ನು ಬೇರೆ ಲೇಯರ್‌ಗೆ ಹಾಕಿ ಸಣ್ಣ ಅಳತೆ ಕೊಡುತ್ತೇನೆ. ಔಟರ್ ಬೆವೆಲ್ ಅನ್ನು ಕನ್ನಡಕ್ಕೆ ಬಳಸಲೇಬಾರದು ಎಂಬುದು ನನ್ನ ನಿಲುವು. ಅದು ಹೊರಕ್ಕೆ ಬೆಳೆದು ಅಕ್ಷರಕ್ಕೂ ಒತ್ತಿಗೂ ನಡುವಿನ ಸಂದನ್ನು ಮುಚ್ಚುತ್ತದೆ, ಓದುವವರು ತಡವರಿಸುತ್ತಾರೆ. ಇನ್ನು ನುಡಿಯಂಥ ಹಳೆಯ (ಯೂನಿಕೋಡ್ ಅಲ್ಲದ) ಸಂಕೇತದ ಫಾಂಟ್‌ಗಳಲ್ಲಿ ಕೊಂಬು, ದೀರ್ಘ ಮುಂತಾದವು ಪ್ರತ್ಯೇಕ ತುಣುಕುಗಳು. ಕೋರೆಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಕರ್ವ್ ಮಾಡಿದಾಗ, ಅಂದರೆ ಅಕ್ಷರವನ್ನು ಬರೀ ಆಕಾರವಾಗಿ ಬದಲಿಸಿದಾಗ, ಅವು ಒಂದರ ಮೇಲೊಂದು ಕುಳಿತಿರುತ್ತವೆ. ವೆಲ್ಡ್ ಮಾಡಿ ಒಂದೇ ಆಕಾರವಾಗಿಸದಿದ್ದರೆ, ಬೆವೆಲ್ ಕೊಟ್ಟಾಗ ಪ್ರತಿ ತುಣುಕಿಗೂ ತನ್ನದೇ ಅಂಚು ಎದ್ದು, ಕೂಡಿದ ಜಾಗದಲ್ಲಿ ಬಿರುಕು ಕಾಣುತ್ತದೆ.

ಬೆಳಕಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೇಲಿನಿಂದಲೇ ಬರಲಿ, ಬೆಳಕು ಮೇಲಿದೆ ಎಂದು ನಮ್ಮ ಕಣ್ಣು ಮೊದಲೇ ಊಹಿಸಿಕೊಂಡಿರುವುದರಿಂದ ಕೆಳಗಿನಿಂದ ಬಂದರೆ ಉಬ್ಬು ತಗ್ಗಾಗಿ ತೋರುತ್ತದೆ. ಗ್ಲೋಬಲ್ ಲೈಟ್ ಗುರುತು ಇದ್ದರೆ ಎಲ್ಲ ಲೇಯರ್‌ಗಳ ದಿಕ್ಕೂ ಒಂದೇ ಆಗಿರುತ್ತದೆ, ಆ ಗುರುತನ್ನು ತೆಗೆಯಬೇಡಿ. ಚಿನ್ನದ ನೆರಳಿಗೆ ಕಪ್ಪು ಬೇಡ, ಗಾಢ ಕಂದು ಕೊಡಿ. ಹೊಳಪಿಗೆ ಅಚ್ಚ ಬಿಳಿಯ ಬದಲು ತಿಳಿ ಹಳದಿ. ಕಪ್ಪು ನೆರಳಿನ ಚಿನ್ನ ಮುದ್ರಣದಲ್ಲಿ ಹೊಗೆ ಹಿಡಿದ ಹಿತ್ತಾಳೆಯಂತಾಗುವುದನ್ನು ಪದೇ ಪದೇ ನೋಡಿದ್ದೇನೆ. ಮುದ್ರಣಕ್ಕೆ ಕಡತ 8 ಬಿಟ್‌ಗೆ ಇಳಿಯುವುದು ಹೇಗೂ ತಪ್ಪದು. ಇಳಿಸುವ ಮುನ್ನ ಇಳಿಜಾರಿನ ಮೇಲೆ ಕಣ್ಣಿಗೆ ಕಾಣದಷ್ಟು ನಾಯ್ಸ್ (ಚದುರಿದ ಸಣ್ಣ ಚುಕ್ಕೆಗಳು) ಬೆರೆಸಿದರೆ ಪಟ್ಟೆಗಳು ಒಡೆದುಹೋಗುತ್ತವೆ.

ಕಡೆಯದಾಗಿ ಫ್ಲೆಕ್ಸ್ ಕೆಲಸ ಮಾಡುವವರಿಗೆ ಒಂದು ವಿಷಯ. ದೊಡ್ಡ ಫಲಕವನ್ನು ಸಣ್ಣ ಅಳತೆಯಲ್ಲಿ ರಚಿಸಿ ಆಮೇಲೆ ಹಿಗ್ಗಿಸುವ ರೂಢಿ ನಮ್ಮಲ್ಲಿದೆ. ಇಮೇಜ್ ಸೈಜ್‌ನಲ್ಲಿ ಸ್ಕೇಲ್ ಸ್ಟೈಲ್ಸ್ ಆಯ್ಕೆ ಇಲ್ಲದೆ ಹಿಗ್ಗಿಸಿದರೆ ಅಕ್ಷರ ನಾಲ್ಕು ಪಟ್ಟು ಬೆಳೆಯುತ್ತದೆ, 20 ಪಿಕ್ಸೆಲ್‌ನ ಬೆವೆಲ್ 20ರಲ್ಲಿಯೇ ನಿಲ್ಲುತ್ತದೆ. ಆ ಗುರುತು ಇದೆಯೇ ಎಂದು ನೋಡಿಕೊಂಡು, ಹಿಗ್ಗಿಸಿ, ಚಿತ್ರವನ್ನು 100 ಪ್ರತಿಶತ ಗಾತ್ರದಲ್ಲಿ ತೆರೆದು ಒತ್ತಕ್ಷರಗಳನ್ನು ಒಂದೊಂದಾಗಿ ಪರೀಕ್ಷಿಸಿ. ಆಮೇಲೆ ಮುದ್ರಣಕ್ಕೆ ಕಳಿಸಿ.