ಪಂಜರದೊಳಗೆ ಫೋನ್ ಯಾಕೆ?

ನಮ್ಮ ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ನಾನು ಬರೆಯುವ ಮೇಜಿನ ಎದುರಿಗೆ ಗೋಡೆಯ ಮೇಲೆ ಒಂದು ಕಪ್ಪು-ಬಿಳುಪು ಫೋಟೋ ಇದೆ. ಹಕ್ಕಿ ಸಾಕುವ ಪಂಜರ. ಒಳಗೆ ಹಕ್ಕಿ ಇಲ್ಲ, ಟೆಲಿಫೋನ್ ಇದೆ. ಪಕ್ಕದ ಮನೆಯ ಹುಡುಗನಿಂದ ಹಿಡಿದು ನಮ್ಮ ಚಿಕ್ಕಮ್ಮನವರೆಗೆ ಎಲ್ಲರೂ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಆಮೇಲೆ ಅದೇ ಪ್ರಶ್ನೆ. ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಯುವ ಉತ್ತರವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಫೋಟೋ ತೆಗೆದವರು ಕಾನ್ಸುಕೆ ಯಮಾಮೊಟೊ. ಹುಟ್ಟಿದ್ದು 1914ರಲ್ಲಿ, ಜಪಾನಿನ ನಗೋಯಾದಲ್ಲಿ. ತಂದೆಯದು ಫೋಟೋ ಸಾಮಾನಿನ ಅಂಗಡಿ. ಹಾಗಾಗಿ ಕ್ಯಾಮೆರಾ ಅವರಿಗೆ ಮನೆಯ ವಸ್ತುವಿನ ಹಾಗೆಯೇ ಇತ್ತು. ಹದಿಹರೆಯದಲ್ಲೇ ಕವಿತೆಯ ಹುಚ್ಚೂ ಹತ್ತಿತು. ಫ್ರೆಂಚ್ ಸಾಹಿತ್ಯ ಓದಿದರು, ಸರ್ರಿಯಲಿಸಂ ಅವರನ್ನು ಹಿಡಿದುಕೊಂಡಿತು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ವಸ್ತುಗಳನ್ನು ಪಕ್ಕದಲ್ಲಿಟ್ಟು, ಕನಸಿನಲ್ಲಿ ಆಗುವಂತೆ ಮೂರನೆಯದೊಂದು ಹುಟ್ಟುವುದನ್ನು ನೋಡುವುದು ಆ ಪಂಥದವರಿಗೆ ಪ್ರಿಯವಾದ ದಾರಿ.

1938ರ ನವೆಂಬರಿನಲ್ಲಿ, ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ, ಅವರು ಒಂದು ಪುಟ್ಟ ಕವಿತಾ ಪತ್ರಿಕೆ ಶುರು ಮಾಡಿದರು. ಹೆಸರು 'ಯೊರು ನೊ ಫುನ್ಸುಯಿ'. ಅಂದರೆ ರಾತ್ರಿಯ ಕಾರಂಜಿ. ಎಷ್ಟು ಚಂದದ ಹೆಸರು, ಅಲ್ವಾ? ಯಾರೂ ನೋಡದ ಹೊತ್ತಿನಲ್ಲೂ ಚಿಮ್ಮುತ್ತಲೇ ಇರುವ ನೀರು.

ಕಾಲ ಮಾತ್ರ ಕೆಟ್ಟದಾಗಿತ್ತು. ಹಿಂದಿನ ವರ್ಷವೇ ಚೀನಾದ ಜೊತೆ ಯುದ್ಧ ಶುರುವಾಗಿತ್ತು. ಜನ ಏನು ಯೋಚಿಸುತ್ತಾರೆ ಅನ್ನೋದನ್ನು ಕಾಯುವುದಕ್ಕೇ 'ಟೊಕ್ಕೋ' ಎಂಬ ವಿಶೇಷ ಪೊಲೀಸ್ ಪಡೆ ಇತ್ತು. ಅವರ ಕೈಯಲ್ಲಿ 1925ರ ಶಾಂತಿ ಕಾಪಾಡುವ ಕಾನೂನು, ಹೆಸರಿಗೆ ಶಾಂತಿ, ಗುರಿ ಮುಖ್ಯವಾಗಿ ಕಮ್ಯುನಿಸ್ಟರು. ಪ್ಯಾರಿಸ್ಸಿನ ಸರ್ರಿಯಲಿಸ್ಟ್ ಕವಿಗಳಲ್ಲಿ ಕೆಲವರು 1927ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದ್ದರು. ಜಪಾನಿನಲ್ಲಿ ಅಂಥ ಕವಿತೆ ಬರೆಯುವವರ ಮೇಲೂ ಅನುಮಾನ ಬರಲು ಅಷ್ಟು ಸಾಕಾಯಿತು. 1939ರಲ್ಲಿ ಯಮಾಮೊಟೊ ಅವರನ್ನು ಪೊಲೀಸರು ವಿಚಾರಿಸಿದರು. ಆ ಅಕ್ಟೋಬರಿನಲ್ಲಿ ಬಂದ ನಾಲ್ಕನೇ ಸಂಚಿಕೆಯೇ ಕೊನೆಯದಾಯಿತು.

ನಾಲ್ಕೇ ಸಂಚಿಕೆ! ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬಾಂಬು ಮಾಡಿದವರಲ್ಲ, ಗುಂಪು ಕಟ್ಟಿ ಬೀದಿಗಿಳಿದವರಲ್ಲ. ಸುಮ್ನೆ ಕವಿತೆ ಅಚ್ಚು ಹಾಕಿದವರು.

ಪಂಜರದ ಫೋಟೋ ಬಂದದ್ದು ಅದರ ಮರುವರ್ಷ, 1940ರಲ್ಲಿ. ಈಗ ನನ್ನ ಉತ್ತರ ನಿಮಗೇ ಹೊಳೆದಿರಬಹುದು. ಫೋನ್ ಅಂದರೆ ಮಾತು. ದೂರದವರ ದನಿ ಕಿವಿಗೆ ತಲುಪಿಸುವ ವಸ್ತು. ಅದನ್ನು ಪಂಜರದಲ್ಲಿಟ್ಟರೆ ಆ ಮಾತಿನ ಗತಿ ಏನು? ಹಾಳೆಯ ಮೇಲೆ ಬರೆಯಬಾರದು ಅಂದದ್ದನ್ನು ಅವರು ವಸ್ತುಗಳಲ್ಲಿ ಬರೆದರು. ಇದು ನನ್ನ ಓದು, ನಿಮ್ಮದು ಬೇರೆ ಇರಬಹುದು. ಆದರೆ ಇದನ್ನು ಬರೀ ವಿಚಿತ್ರ ಚಿತ್ರ ಅಂತ ನೋಡಿ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಇದೇ ಪಂಥದ ಕವಿ ಶೂಜೊ ತಕಿಗುಚಿ, ಚಿತ್ರಕಾರ ಇಚಿರೊ ಫುಕುಜಾವಾ ಇಬ್ಬರನ್ನೂ 1941ರಲ್ಲಿ ಹಿಡಿದು ತಿಂಗಳುಗಟ್ಟಲೆ ಕೂಡಿಹಾಕಿದರು. ಅಂಥ ಹೊತ್ತಿನಲ್ಲಿ ತೆಗೆದ ಫೋಟೋ ಇದು.

ಇದರ ಹೆಸರು 'ಗರನ್ ನೊ ತೊರಿಕಾಗೊ', ಬೌದ್ಧ ಗುಡಿಯ ಹಕ್ಕಿ ಪಂಜರ. ಗರನ್ ಎಂಬ ಪದ ನಮ್ಮ 'ಸಂಘಾರಾಮ'ವೇ. ಬೌದ್ಧ ಧರ್ಮದ ಜೊತೆ ಚೀನಾಕ್ಕೆ ಹೋಗಿ, ಅಲ್ಲಿಂದ ಜಪಾನಿಗೆ ದಾಟಿ, ದಾರಿಯಲ್ಲಿ ಸವೆದು ಗರನ್ ಆಯಿತು. ಸನ್ಯಾಸಿಗಳು ನೆಮ್ಮದಿಯಾಗಿ ಇರುವ ತೋಟ, ಅದರೊಳಗೊಂದು ಪಂಜರ. ಹೆಸರು ತಿಳಿದ ಮೇಲೆ ನನಗೆ ಫೋಟೋ ಇನ್ನೂ ಜಾಸ್ತಿ ಕಾಡತೊಡಗಿತು.

ಆಮೇಲೆ ಏನಾಯಿತು ಅಂತ ಕೇಳಿದ್ದು ಚಿಕ್ಕಮ್ಮ ಒಬ್ಬರೇ. ತಮ್ಮ ಪತ್ರಿಕೆ ನಿಂತ ವರ್ಷವೇ ಯಮಾಮೊಟೊ ಟೋಕಿಯೋದ 'ವೋ' ಎಂಬ ಇನ್ನೊಂದು ಪುಟ್ಟ ಕವಿತಾ ಪತ್ರಿಕೆಯ ಬಳಗ ಸೇರಿದ್ದರು. ಅದನ್ನು 1935ರಲ್ಲಿ ಶುರು ಮಾಡಿದವರು ಕತ್ಸುಎ ಕಿತಾಸೊನೊ. ಹೊಟ್ಟೆಪಾಡಿಗೆ ದಂತವೈದ್ಯ ಕಾಲೇಜಿನಲ್ಲಿ ಲೈಬ್ರರಿ ಕೆಲಸ, ಉಳಿದ ಹೊತ್ತೆಲ್ಲ ಪತ್ರಿಕೆ. ಯುದ್ಧದಲ್ಲಿ ನಿಂತ 'ವೋ' ಮತ್ತೆ ಎದ್ದು 1978ರಲ್ಲಿ ಅವರು ತೀರಿಕೊಳ್ಳುವವರೆಗೂ ಬಂತು. 1960ರ ದಶಕದಲ್ಲಿ ಕಿತಾಸೊನೊ ಕೂಡ ಕ್ಯಾಮೆರಾ ಹಿಡಿದರು. ಮುದುರಿದ ಕಾಗದ, ತಂತಿ, ಕಲ್ಲು ಇಟ್ಟು ಫೋಟೋ ತೆಗೆದು ಅವನ್ನು 'ಪ್ಲಾಸ್ಟಿಕ್ ಕವಿತೆ', ಅಂದರೆ ಆಕಾರದಲ್ಲಿ ಮೂಡಿದ ಕವಿತೆ, ಎಂದು ಕರೆದರು. ಯಮಾಮೊಟೊ ಯುದ್ಧ ಮುಗಿದ ಮೇಲೂ ನಗೋಯಾದಲ್ಲೇ ಇದ್ದು ಫೋಟೋ ತೆಗೆದರು, ಕವಿತೆ ಬರೆದರು. 1987ರಲ್ಲಿ ತೀರಿಕೊಂಡರು.

"ಹಾಗಾದ್ರೆ ಆ ಕಾರಂಜಿ ನಿಲ್ಲಲಿಲ್ಲ ಬಿಡು" ಅಂದರು ಚಿಕ್ಕಮ್ಮ.