ಅವಳಿಗಳಲ್ಲಿ ಒಂದು ಮಗು ಸರಿಯಿದ್ದರೆ ‘ಮದ್ಯ ಕಾರಣವಲ್ಲ’ ಎಂದು ಬರೆಯಬೇಡಿ

ಕಾರವಾರ ಕಡೆಯ ಓಪಿಡಿಗೆ ಬಂದ ಅವಳಿ ಕೇಸ್. ಅಣ್ಣನ ತಲೆಸುತ್ತಳತೆ ಕಡಿಮೆ, ಕಣ್ಣಿನ ಸೀಳು ಗಿಡ್ಡ, ಮೇಲ್ತುಟಿ ತೆಳು, ಮಾತು ತಡ: ಬಸಿರಿನಲ್ಲಿ ತಾಯಿ ಕುಡಿದರೆ ಮಗುವಿಗಾಗುವ ಹಾನಿಯ (ಫೀಟಲ್ ಆಲ್ಕೊಹಾಲ್) ಲಕ್ಷಣಗಳಿವು. ತಂಗಿ ಚುರುಕು. ಬಸಿರಿನ ಮೊದಲ ತಿಂಗಳುಗಳಲ್ಲಿ ತಾಯಿ ಕುಡಿದದ್ದು ಆಶಾ ಕಾರ್ಯಕರ್ತೆ ತೆಗೆದ ಹಿಸ್ಟರಿಯಲ್ಲೇ ಇತ್ತು. ಅದನ್ನು ಗಟ್ಟಿಯಾಗಿ ಓದಿದ್ದೇ ತಡ, ಅಜ್ಜಿ ಎದ್ದು ನಿಂತರು: “ಒಂದೇ ಹೊಟ್ಟೇಲಿ ಇದ್ದವಲ್ರಾ ಡಾಕ್ಟ್ರೆ? ಅದ್ರಿಂದ ಆಗಿದ್ರೆ ಇಬ್ರಿಗೂ ಆಗ್ಬೇಕಿತ್ತಲ್ಲ!” ಯಾರ ಬಾಯಲ್ಲೂ ಉತ್ತರವಿಲ್ಲ. ಹೊರಗೆ ಕ್ಯೂ ಬೆಳೆಯುತ್ತಿತ್ತು. ‘ತಂಗಿ ನಾರ್ಮಲ್, ಮದ್ಯ ಕಾರಣವಲ್ಲ’ ಎಂದು ಗೀಚಿ ಫೈಲ್ ಮುಚ್ಚಿದ್ದಾಯಿತು.

ಅಜ್ಜಿಯ ಪ್ರಶ್ನೆ ಸರಿ, ಫೈಲಿನ ಉತ್ತರ ತಪ್ಪು. ಗಂಡು-ಹೆಣ್ಣು ಅವಳಿ ಎಂದರೆ ಎರಡು ಬೇರೆ ಅಂಡ. ವಂಶವಾಹಿಯ ಮಟ್ಟಿಗೆ ಅವರು ಬರೀ ಅಣ್ಣ-ತಂಗಿ. 1993ರ ಅವಳಿ ಅಧ್ಯಯನದಲ್ಲಿ ಏಕಾಂಡ ಜೋಡಿಗಳು 5ಕ್ಕೆ 5 ಒಂದೇ ರೋಗನಿರ್ಣಯ ಪಡೆದವು, ದ್ವಿಅಂಡ ಜೋಡಿಗಳು 11ರಲ್ಲಿ 7 ಮಾತ್ರ. 2019ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಇನ್ನೂ ದೊಡ್ಡ ಗುಂಪನ್ನು ನೋಡಿದರು: ಏಕಾಂಡದಲ್ಲಿ ಶೇ. 100, ದ್ವಿಅಂಡದಲ್ಲಿ ಶೇ. 56. ಒಂದೇ ಗರ್ಭ, ಒಂದೇ ಪ್ರಮಾಣ, ಆದರೂ ಪೆಟ್ಟು ಬೇರೆ ಬೇರೆ.

ಭ್ರೂಣದ ಯಕೃತ್ತಿಗೆ ಮದ್ಯ ಒಡೆಯುವ ಶಕ್ತಿ ತೀರಾ ಕಡಿಮೆ, ಹಾಗಾಗಿ ತಾಯಿಯ ಜೀನ್ ಮುಖ್ಯವಾಗುತ್ತದೆ. ಮದ್ಯ ಒಡೆಯುವ ಎಡಿಎಚ್1ಬಿ ಕಿಣ್ವದ ವೇಗದ ರೂಪವಿದ್ದ ತಾಯಂದಿರ ಮಕ್ಕಳಿಗೆ ಅಪಾಯ ತುಸು ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಅವಳಿಗಳಿಗೆ ತಾಯಿ ಒಬ್ಬಳೇ, ಅಲ್ಲಿ ವ್ಯತ್ಯಾಸ ತರುವುದು ಬಹುಮಟ್ಟಿಗೆ ಮಗುವಿನದೇ ಜೀನ್. ಇಲಿಗಳಲ್ಲಿ ಮುಖದ ನಡುಭಾಗ ಕಟ್ಟುವ ‘ಸೋನಿಕ್ ಹೆಡ್ಜ್‌ಹಾಗ್’ ಸಂಕೇತದ ಸಿಡಿಒಎನ್, ಜಿಎಲ್‌ಐ2 ಜೀನ್‌ಗಳಲ್ಲಿ ದೋಷವಿದ್ದರೆ, ಒಡಹುಟ್ಟಿದ ಮರಿಗಳು ತಾಳಿಕೊಳ್ಳುವ ಮದ್ಯವೇ ವಿಕಾರ ತರುತ್ತದೆ. ಜೀಬ್ರಾ ಮೀನಿನಲ್ಲಿ ಪಿಡಿಜಿಎಫ್‌ಆರ್‌ಎ ಜೀನಿನದೂ ಅದೇ ಕಥೆ. “ನಮ್ಮ ಮನೆತನಕ್ಕೆ ಏನೂ ಆಗೂದಿಲ್ಲ” ಎನ್ನುವವರಿಗೆ ಇದನ್ನೇ ಹೇಳಿ: ಹೊಟ್ಟೆಯಲ್ಲಿರುವ ಮಗು ಯಾವ ಜೀನ್ ಹೊತ್ತಿದೆ ಎಂದು ಮೊದಲೇ ಯಾರಿಗೂ ಗೊತ್ತಾಗದು.

ಇನ್ನು ನಮ್ಮ ಫಾರ್ಮ್. ‘ಮದ್ಯಪಾನ: ಹೌದು/ಇಲ್ಲ’, ಅಷ್ಟೇ! ಇದನ್ನು ಮಾಡಿದವರು ಒಂದು ದಿನವೂ ಹಿಸ್ಟರಿ ತೆಗೆದಿರಲಿಕ್ಕಿಲ್ಲ. ತಾಯಿಯನ್ನು ಒಬ್ಬಳನ್ನೇ ಕೂರಿಸಿ, ಅತ್ತೆ, ಗಂಡ ಹೊರಗಿರಲಿ. “ಕುಡಿತೀರಾ” ಎಂದರೆ ಇಲ್ಲ ಎಂದೇ ಬರುತ್ತದೆ. “ಬಸಿರು ಗೊತ್ತಾಗೂಕೆ ಮೊದಲು, ಶೀತಕ್ಕೆ, ಹೊಟ್ಟೆನೋವಿಗೆ ಫೆನಿ ತಗೊಂಡದ್ದುಂಟಾ?” ಎನ್ನಿ. ಉರಾಕ್ (ಗೇರುಹಣ್ಣಿನ ಮೊದಲ ಭಟ್ಟಿಯ ಮದ್ಯ) ಎಂದರೆ ಗೇರುಹಣ್ಣಿನ ಕಾಲ, ಮಾರ್ಚ್‌ನಿಂದ ಮೇ. ತಾಯಿ ಕಾರ್ಡಿನ ಎಲ್‌ಎಂಪಿ (ಕೊನೆಯ ಮುಟ್ಟಿನ ದಿನ) ಪಕ್ಕದಲ್ಲಿಟ್ಟು ನೋಡಿ. ಮುಖದ ಪೆಟ್ಟು ಬೀಳುವುದು ಗರ್ಭಧಾರಣೆಯ ಮೂರನೇ ವಾರದ ಸುಮಾರಿಗೆ, ಅಂದರೆ ಮುಟ್ಟು ತಪ್ಪಿ ವಾರದೊಳಗೆ. ಪ್ರಮಾಣವನ್ನು ಗ್ರಾಂನಲ್ಲಿ ಬರೆಯಿರಿ: ಮಿ.ಲೀ. × ಶೇಕಡಾವಾರು × 0.79 ÷ 100. ಶೇ. 42.8ರ ಕ್ವಾರ್ಟರ್ (180 ಮಿ.ಲೀ.) ಸುಮಾರು 61 ಗ್ರಾಂ, ಶೇ. 8ರ ಸ್ಟ್ರಾಂಗ್ ಬಿಯರ್ 650 ಮಿ.ಲೀ. ಬಾಟಲಿ 41 ಗ್ರಾಂ. “ಬರೀ ಬಿಯರ್” ಎಂಬ ಮಾತು ಅಲ್ಲಿಗೆ ಮುಗಿಯಿತು.

ಕಣ್ಣಿನ ಸೀಳನ್ನು ಒಳಮೂಲೆಯಿಂದ ಹೊರಮೂಲೆಗೆ, ಮಗು ಕಣ್ಣರಳಿಸಿ ಮೇಲೆ ನೋಡುವಾಗ, ಪಾರದರ್ಶಕ ಮಿ.ಮೀ. ಸ್ಕೇಲಿನಿಂದ ಅಳೆಯಿರಿ. ತುಟಿ ನೋಡುವಾಗ ಮಗು ನಗಬಾರದು. ನಕ್ಕರೆ ಯಾರ ತುಟಿಯೂ ತೆಳು, ಮೂಗಿನ ಕೆಳಗಿನ ತೋಡೂ ಮಟ್ಟಸ. ತುಟಿ, ತೋಡುಗಳನ್ನು ಹೋಲಿಸುವ 1ರಿಂದ 5ರ ಚಿತ್ರಪಟ್ಟಿಯಲ್ಲಿ 4, 5 ಬಂದರೆ ಲೆಕ್ಕಕ್ಕೆ. ಆ ಪಟ್ಟಿ ಬಿಳಿಯರಿಗೊಂದು, ಆಫ್ರಿಕನ್ ಮೂಲದವರಿಗೊಂದು ಇದೆ. ನಮ್ಮ ಮಕ್ಕಳ ಮುಖಕ್ಕೆ ಅವನ್ನೇ ಹಿಡಿದು ಒದ್ದಾಡಬೇಕು.

ತಂಗಿಯನ್ನೂ ಫಾಲೋಅಪ್‌ನಲ್ಲಿಡಿ. ಮುಖ ಸರಿಯಿದ್ದರೂ ಮಿದುಳಿಗೆ ಪೆಟ್ಟು ಬಿದ್ದಿರಬಹುದು. ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಗಮನ, ಲೆಕ್ಕ, ನೆನಪಿನ ತೊಂದರೆ ಕಾಣುವುದು ಶಾಲೆಗೆ ಹೋದ ಮೇಲೆ.

ಜೀನ್ ಎಂದೊಡನೆ ಎಡಿಎಚ್ ಪರೀಕ್ಷೆಗೆ ರಕ್ತ ಕಳಿಸಬೇಡಿ, ಚಿಕಿತ್ಸೆ ಅದರಿಂದ ಬದಲಾಗದು. ಕ್ರೋಮೋಸೋಮಲ್ ಮೈಕ್ರೋಅರೇ (ಕ್ರೋಮೋಸೋಮಿನ ತುಣುಕು ಕಳೆದಿದೆಯೇ, ಹೆಚ್ಚಿದೆಯೇ ನೋಡುವ ಪರೀಕ್ಷೆ) ಮಾತ್ರ ಕೇಳಿ, ಏಕೆಂದರೆ ವಿಲಿಯಮ್ಸ್, 22ಕ್ಯೂ11 ಸಿಂಡ್ರೋಮ್‌ಗಳೂ ಕೆಲವೊಮ್ಮೆ ಇದೇ ಮುಖ ತೋರಿಸುತ್ತವೆ. ಬಸಿರಿನಲ್ಲಿ ತಾಯಿ ಫಿಟ್ಸ್‌ಗೆ, ಇಂಥದೇ ಮುಖ ತರಬಲ್ಲ ವಾಲ್‌ಪ್ರೊಯೇಟ್ ಮಾತ್ರೆ ತಿನ್ನುತ್ತಿದ್ದರೇ ಎಂದೂ ಕೇಳಿ. ಆ ಪ್ರಶ್ನೆಗೆ ಖರ್ಚಿಲ್ಲ, ಮತ್ತು ಫಾರ್ಮಿನಲ್ಲಿ ಅದಕ್ಕೆ ಜಾಗವೂ ಇಲ್ಲ.